ಗೊರಸಿನ ಲೈನಿನ ಸ್ಯಾಂಪಲ್ ಅಕ್ಕ

ಜುಲೈ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಆರು ನಲವತ್ತಕ್ಕೆ ಬರೆಯಲು ಕೂತೆ.

ಅಕ್ಕನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳಿಂದ ದೂರ ಸರಿದು, ಜಗಳವಾಡಿ ಬೇರೆ ಮನೆ ಮಾಡಿದವರ ಹಾಗೆ ನಿಂತಿತ್ತು. ಎಡಗಾಲಿನದು ಹಾಗಿರಲಿಲ್ಲ. ಎರಡನೇ ಬೆರಳಿಗೆ ಬೆಳ್ಳಿಯ ಕಾಲುಂಗುರ, ಅದರ ಸುತ್ತ ಚರ್ಮ ಸ್ವಲ್ಪ ಊದಿ ಹೊಳೆಯುತ್ತಿತ್ತು. ಒಡೆದ ಹಿಮ್ಮಡಿಯ ಗೀರುಗಳಲ್ಲಿ ಎಷ್ಟು ಉಜ್ಜಿದರೂ ಹೋಗದ ಗದ್ದೆಯ ಕಪ್ಪು. ನಾನು ಅವರ ಮುಖಕ್ಕಿಂತ ಮೊದಲು ನೋಡಿದ್ದು ಈ ಕಾಲನ್ನು. ಕೆಲಸಕ್ಕೆ ಸೇರಿದ ದಿನ, ಉರುಳಿ ಹೋದ ಒಂದು ಬಾಬಿನ್ ಹುಡುಕುತ್ತಾ ಅವರ ಮೆಷಿನ್ನಿನ ಕೆಳಗೆ ಬಗ್ಗಿದ್ದೆ. ಪೆಡಲ್ ಮೇಲೆ ಆ ಪಾದ ಇತ್ತು. ಮೇಲಿನಿಂದ ದನಿ ಬಂತು: "ಎದ್ದೇಳವ್ವ, ತಲೆ ಒಡ್ಸ್ಕಂಡೀಯ."

ಹುಣಸೂರಿನಿಂದ ಕೆ.ಆರ್. ನಗರದ ಕಡೆ ಹೋಗುವ ರಸ್ತೆಯಲ್ಲಿರುವ ಗಾರ್ಮೆಂಟ್ ಯೂನಿಟ್ ಅದು. ಅದರ ಹೆಸರು ಇಲ್ಲಿ ಬೇಕಿಲ್ಲ. ನಾನು ಆಗ ಅಲ್ಲಿ ಚೆಕ್ಕರ್. ಹೊಲಿದು ಬಂದದ್ದರಲ್ಲಿ ತಪ್ಪು ಹುಡುಕಿ, ಎಣಿಸಿ, ಗಂಟೆಗೊಮ್ಮೆ ಬೋರ್ಡಿನ ಮೇಲೆ ಬರೆಯುವ ಕೆಲಸ. ಎಣಿಸುವ ಅಭ್ಯಾಸ ಮನೆಗೂ ಹಿಂದೆ ಬಂದು ದಿನಚರಿ ಬರೆಯುವ ರೂಢಿಯಾಯಿತು. ಆದ್ದರಿಂದ ಇಲ್ಲಿ ಬರುವ ವಾರ, ತಿಂಗಳುಗಳನ್ನು ನಾನು ನೆನಪಿನ ಮೇಲೆ ಬಿಟ್ಟಿಲ್ಲ. ಕಂಪಲಾಪುರದಿಂದ ನಮ್ಮನ್ನು ತರುವ ಬಸ್ಸು ಗೇಟು ಮುಟ್ಟುವ ಹೊತ್ತಿಗೆ ಹೊಸ ಅಗ್ರಹಾರದ ಕಡೆಯ ಬಸ್ಸು ಬಂದು ನಿಂತಿರುತ್ತಿತ್ತು. ಅವರು ಅದರಲ್ಲಿ ಬರುತ್ತಿದ್ದರು.

ಅವರದು ಸ್ಯಾಂಪಲ್ ಟೈಲರ್ ಕೆಲಸ. ಹೊಸ ಆರ್ಡರ್ ಬಂದಾಗ ಮೊದಲ ಪೀಸನ್ನು ಒಬ್ಬರೇ ಪೂರ್ತಿ ಹೊಲಿದು ತೋರಿಸಬೇಕು. ಅದು ಒಪ್ಪಿಗೆಯಾದ ಮೇಲೆ ಲೈನಿನವರು ಒಬ್ಬೊಬ್ಬರು ಒಂದೊಂದು ಹೊಲಿಗೆ ಹಂಚಿಕೊಳ್ಳುತ್ತಾರೆ. ಎಲ್ಲರಿಗೂ ಅವರು ಸ್ಯಾಂಪಲ್ ಅಕ್ಕ. ವಯಸ್ಸು ಐವತ್ತರ ಆಚೆ ಈಚೆ. ಹಣೆಯಲ್ಲಿ ವಿಭೂತಿ. ಕೊರಳಲ್ಲಿ ಎರಡು ದಾರ, ಒಂದು ಲಿಂಗದ್ದು, ಇನ್ನೊಂದು ಐಡಿ ಕಾರ್ಡಿನದು. ಕಾರ್ಡು ಮೆಷಿನ್ನಿಗೆ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಬೆನ್ನಿಗೆ ತಿರುಗಿಸಿರುತ್ತಿದ್ದರು. ನಮ್ಮ ಲೈನಿನ ಸೂಪರ್‌ವೈಸರ್, ಎಚ್.ಡಿ. ಕೋಟೆ ಕಡೆಯ ಹುಡುಗ, "ಅಕ್ಕಾ, ನಿಮ್ ಫೋಟೋ ಹಿಂದ್ಗಡೆ ಐತೆ" ಅಂದರೆ, "ಮುಂದ್ಗಡೆ ನಾನೇ ಇವ್ನಿ ಕಣಪ್ಪ" ಅನ್ನುತ್ತಿದ್ದರು.

ಅವರ ಬಾಯಲ್ಲಿ ಅತಿ ಹೆಚ್ಚು ಕೇಳಿದ ಮಾತು "ಬಿಚ್ಚಾನ ಬುಡು". ಹೊಲಿಗೆ ಕೆಟ್ಟವರನ್ನು ಸೂಪರ್‌ವೈಸರ್ ಬೈಯುತ್ತಿದ್ದ. ಇವರು ಆ ಪೀಸನ್ನು ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, "ಬಿಚ್ಚಾನ ಬುಡು" ಎಂದು ಬಿಚ್ಚಲು ಶುರು ಮಾಡುತ್ತಿದ್ದರು. ಬೇರೆಯವರ ತಪ್ಪನ್ನೂ ತಾವೂ ಸೇರಿಯೇ ಬಿಚ್ಚುವ ಹಾಗೆ.

ಸಕ್ಕರೆ ಹಾಕಿದ ಚಹಾ ಕುಡಿಯುತ್ತಿರಲಿಲ್ಲ. ಮನೆಯಿಂದ ಸಣ್ಣ ಫ್ಲಾಸ್ಕ್ ತರುತ್ತಿದ್ದರು. ಆಯುಧಪೂಜೆಯ ದಿನ ಕೊಟ್ಟ ಲಾಡು ನನ್ನ ಡಬ್ಬಿಗೆ ಬಂತು. ಯಾಕೆ ಅಂದರೆ, "ಅರಕೆ ಕಣ್ಮಗ, ಬುಟ್ಟಿವ್ನಿ" ಅಂದರು. ಯಾವ ದೇವರಿಗೆ ಎಂದು ನಾನು ಕೇಳಲಿಲ್ಲ. ಅವರು ಮೆಷಿನ್ ಓಡಿಸುವಾಗ ಯಾರೂ ಮಾತಾಡುವ ಹಾಗಿರಲಿಲ್ಲ. ಪಕ್ಕದ ಹುಡುಗಿಯರು ಮಾತು ಶುರು ಮಾಡಿದರೆ ಕೈ ಎತ್ತಿ ತಡೆಯುತ್ತಿದ್ದರು. ಜಂಬ ಎಂದು ಕೆಲವರು ಅಂದುಕೊಂಡಿದ್ದರು.

ಇನ್ನೊಂದು ಅಭ್ಯಾಸದ ಮೇಲೆ ಮುಂದಿನದೆಲ್ಲ ನಿಂತಿದೆ. ಅವರು ಪೆಡಲ್ ಮೇಲೆ ಚಪ್ಪಲಿ ಕಾಲು ಇಡುತ್ತಿರಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ಕಾಲು ತೊಳೆದು, ಚಪ್ಪಲಿ ಹೊರಗಿನ ಸ್ಟ್ಯಾಂಡಿನಲ್ಲಿ ಬಿಟ್ಟು, ಬಂದು ಪೆಡಲನ್ನು ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಬರಿಗಾಲು ಇಡುತ್ತಿದ್ದರು. ಹಳಬರಲ್ಲಿ ಸುಮಾರು ಜನ ಹಾಗೇ ಮಾಡುತ್ತಿದ್ದರು. ಕಂಪನಿಯ ನಿಯಮ ಬೇರೆ ಇತ್ತು. ನೆಲದಲ್ಲಿ ಸೂಜಿ ಇರುತ್ತದೆ, ಎಲ್ಲರೂ ಪಾದರಕ್ಷೆ ಹಾಕಿರಬೇಕು ಎಂದು ಗೋಡೆಯ ಮೇಲೆ ಬರೆದಿತ್ತು. ಹೊರಗಿನವರು ತಪಾಸಣೆಗೆ ಬರುವ ಆಡಿಟ್ ದಿನ ಎಲ್ಲರೂ ಹಾಕುತ್ತಿದ್ದರು. ಅವರು ಅವತ್ತೂ ಮೆಷಿನ್ನಿನ ಕೆಳಗೆ ಮೆಲ್ಲಗೆ ಕಳಚಿಬಿಡುತ್ತಿದ್ದರು. "ಅನ್ನ ಕೊಡದನ್ನ ಮೆಟ್ಟಲ್ಲಿ ತುಳಿಯಾದಾ?" ಅಂತ ಒಮ್ಮೆ ನನಗೆ ಹೇಳಿದ್ದರು. ಅದರ ಮೇಲೆ ವಾದ ಮಾಡುವುದಕ್ಕೆ ಏನೂ ಇರಲಿಲ್ಲ. ನಮ್ಮ ಮನೆಯಲ್ಲೂ ಕಣದೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ.

ಜಪಾನಿನ ಆರ್ಡರ್ ಬಂದದ್ದು ಹೋದ ವರ್ಷ ಜನವರಿ ಕೊನೆಯ ವಾರ. ಕವರಿನಿಂದ ಎರಡು ಜೊತೆ ತೆಗೆದು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಒಂದು ಬಿಳಿ, ಒಂದು ಕಡುನೀಲಿ. ಕಾಲುಚೀಲದ ಹಾಗೆ ಕಂಡರೂ ನೇಯ್ದದ್ದಲ್ಲ, ಗಟ್ಟಿ ಬಟ್ಟೆಯನ್ನು ಕತ್ತರಿಸಿ ಹೊಲಿದದ್ದು. ಮುಂದುಗಡೆ ಸೀಳಿ ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕಕ್ಕೆ ಒಂದು ಮನೆ. ಹಿಂದೆ ಕಣಕಾಲಿನ ಹತ್ತಿರ ಹಿತ್ತಾಳೆಯ ಚಪ್ಪಟೆ ಕೊಂಡಿಗಳು.

"ಇದ್ಯಾವ ದನುಕ್ಕೆ ಸಾರ್?" ಅಂದ ಸೂಪರ್‌ವೈಸರ್.

ನಿಜವಾಗಿಯೂ ಗೊರಸಿನ ಹಾಗೇ ಇತ್ತು. ಆ ದಿನದಿಂದ ನಮ್ಮದು ಗೊರಸಿನ ಲೈನ್ ಆಯಿತು. ಬೇರೆ ಲೈನಿನವರು ಊಟದ ಹೊತ್ತಿನಲ್ಲಿ, "ಏನ್ರವ್ವ, ಹುಲ್ಲು ತಂದಿದ್ದೀರಾ?" ಎಂದು ಕೇಳುತ್ತಿದ್ದರು.

ಮ್ಯಾನೇಜರ್ ಕಣ್ಣೂರಿನ ಕಡೆಯವರು. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಮಲಯಾಳ ನುಗ್ಗುತ್ತಿತ್ತು. ಅವರು ವಿವರಿಸಿದರು. ಇದಕ್ಕೆ ತಬಿ ಅನ್ನುತ್ತಾರೆ. ಬಿಳಿಯದು ಮದುವೆ, ಪೂಜೆ ಮುಂತಾದ ಸಮಯಕ್ಕೆ, ಅವರ ಹಳೆಯ ಕಾಲದ ಉಡುಗೆಯ ಜೊತೆ. ಮನೆಯೊಳಗೆ ಹಾಗೇ ಓಡಾಡುತ್ತಾರೆ, ಹೊರಗೆ ಹೋಗುವಾಗ ಇದರ ಮೇಲೆ ಚಪ್ಪಲಿ ಮೆಟ್ಟುತ್ತಾರೆ. ಚಪ್ಪಲಿಯ ಉಂಗುಟದ ಪಟ್ಟಿ ಕೂರಲಿ ಎಂದು ಬೆರಳ ಸಂದಿ ಬಿಟ್ಟಿರುವುದು. ನೀಲಿಯದು ಕೆಲಸಗಾರರಿಗೆ. ಅದಕ್ಕೆ ರಬ್ಬರ್ ತಳ ಬೇರೆ ಕಡೆ ಅಂಟಿಸುತ್ತಾರೆ, ಅದನ್ನು ಹಾಕಿ ಮಣ್ಣಿಗೇ ಇಳಿಯುತ್ತಾರೆ.

ಅಕ್ಕ ಬಿಳಿಯದನ್ನು ಬಲಗೈಯಲ್ಲಿ, ನೀಲಿಯದನ್ನು ಎಡಗೈಯಲ್ಲಿ ಹಿಡಿದು ನೋಡಿದರು. "ಒಳಗಿಂದು ಒಳಗೆ, ವರಗಿಂದು ವರಗೆ. ಸರೀಗೇ ಮಡ್ಗವ್ರೆ" ಅಂದರು. ಆಮೇಲೆ ಬಿಚ್ಚಿದರು.

ಹಾಗೆ ಬಿಚ್ಚಿಯೇ ಅವರು ಕಲಿಯುತ್ತಿದ್ದದ್ದು. ಒಂದು ಕಾಲಿನದನ್ನು ಪೂರ್ತಿ ಬಿಚ್ಚಿ, ತುಂಡುಗಳನ್ನು ನೀರು ಚಿಮುಕಿಸಿ ಚಪ್ಪಟೆ ಮಾಡಿ, ಕಾಗದದ ಮೇಲೆ ಗೆರೆ ಎಳೆದರು. ಪಾದದ ಒಳಮೈಗೆ ಒಂದು ತುಂಡು, ಹೊರಮೈಗೆ ಒಂದು, ತಳಕ್ಕೆ ಒಂದು. ಕಷ್ಟ ಇದ್ದದ್ದು ಸೀಳಿನಲ್ಲಿ. ಎರಡು ಬೆರಳ ಮಧ್ಯೆ ಇಳಿದು ಮತ್ತೆ ಏರುವ ತಿರುವಿನಲ್ಲಿ ಬಟ್ಟೆ ಸುಕ್ಕಾಗುತ್ತಿತ್ತು. ಮೊದಲನೆಯದನ್ನು ಹೊಲಿದು ತಮ್ಮ ಕಾಲಿಗೆ ಹಾಕಿಕೊಂಡು ಎರಡು ಹೆಜ್ಜೆ ನಡೆದರು. ಮುಖದಲ್ಲಿ ಏನೂ ಇಲ್ಲ.

"ನೀನ್ ಆಕ್ಕಂಡು ನೋಡು ಮಗ. ನಂಗೆ ಗೊತ್ತಾಗಾಕಿಲ್ಲ."

ನಾನು ಹಾಕಿಕೊಂಡೆ. ಸೀಳಿನ ತಳದಲ್ಲಿ ಹೊಲಿಗೆ ಇರುವೆಯ ಹಾಗೆ ಕಚ್ಚಿತು. ಹೇಳಿದೆ. "ಬಿಚ್ಚಾನ ಬುಡು" ಅಂದರು. ಆ ವಾರವೆಲ್ಲ ಅವರು ಹೊಲಿಯುವುದು, ನಾನು ಹಾಕಿಕೊಂಡು ನಡೆದು, ಎಲ್ಲಿ ಒತ್ತುತ್ತದೆ ಎಂದು ಬೆರಳಿಟ್ಟು ತೋರಿಸುವುದು ನಡೆಯಿತು. ನನ್ನ ಮಾತನ್ನು ಇಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ. ಅವರಿಗೆ ಗೊತ್ತಾಗುವುದಿಲ್ಲ ಅಂದದ್ದನ್ನು ನಾನು ದೊಡ್ಡವರ ವಿನಯ ಎಂದುಕೊಂಡೆ. ಶನಿವಾರ ಹಾಕಿಕೊಂಡಾಗ ಕಾಲಿಗೆ ಏನೂ ತಿಳಿಯಲಿಲ್ಲ. ಹಾಕಿಕೊಂಡಿದ್ದೇನೆ ಎಂಬುದೇ ಮರೆಯುವಂತಿತ್ತು. ಅದೇ ಜೊತೆ ಜಪಾನಿಗೆ ಹೋಗಿ ಒಪ್ಪಿಗೆಯಾಯಿತು.

ಮಾರ್ಚಿನಲ್ಲಿ ಲೈನ್ ಶುರುವಾಯಿತು. ಸೀಳಿನ ತಿರುವು ಹುಡುಗಿಯರ ಕೈಗೆ ಹತ್ತಲಿಲ್ಲ. ನಾನು ತೆಗೆದಿಡುತ್ತಿದ್ದ ತಪ್ಪು ಪೀಸುಗಳ ಗುಡ್ಡೆ ನೋಡಿ ಮ್ಯಾನೇಜರ್ ಅಕ್ಕನನ್ನೇ ಆ ಜಾಗಕ್ಕೆ ಕೂರಿಸಿದರು.

ಒಂದು ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ, ಅವರ ಮೆಷಿನ್ನಿನ ಸೂಜಿ ದಪ್ಪ ಹೊಲಿಗೆಯ ಮೇಲೆ ಬಡಿದು ಮುರಿಯಿತು. ಗಾರ್ಮೆಂಟಿನಲ್ಲಿ ಕೆಲಸ ಮಾಡದವರಿಗೆ ಇದನ್ನು ಹೇಳಬೇಕು. ಸೂಜಿ ಮುರಿದರೆ ಅದರ ಎಲ್ಲ ಚೂರುಗಳೂ ಸಿಗಬೇಕು. ಜೋಡಿಸಿ, ಪೂರ್ತಿ ಸೂಜಿ ಆಯಿತು ಎಂದು ತೋರಿಸಿ, ಕಾಗದಕ್ಕೆ ಅಂಟಿಸಿದ ಮೇಲೇ ಹೊಸ ಸೂಜಿ. ಒಂದು ಚೂರು ಕಾಣದಿದ್ದರೂ ಲೈನ್ ನಿಲ್ಲುತ್ತದೆ. ಅದು ಯಾರದೋ ಕಾಲೊಳಗೆ ಹೋಗುವ ವಸ್ತುವಿನಲ್ಲಿ ಉಳಿದಿರಬಹುದಲ್ಲ. ಜಪಾನಿನವರು ಈ ವಿಷಯದಲ್ಲಿ ಬಹಳ ಬಿಗಿ ಎಂದು ಮೊದಲೇ ಹೇಳಿದ್ದರು.

ಬುಡ ಸಿಕ್ಕಿತು. ನಡುವಿನ ತುಂಡು ಸಿಕ್ಕಿತು. ತುದಿ ಸಿಗಲಿಲ್ಲ.

ಎಲ್ಲರನ್ನೂ ಎಬ್ಬಿಸಿದರು. ಅಕ್ಕ ಎಲ್ಲರಿಗಿಂತ ಹೆಚ್ಚು ಹುಡುಕಿದರು. ಮೆಷಿನ್ ಸುತ್ತ, ಬುಟ್ಟಿಗಳ ಮಧ್ಯೆ, ಬರಿಗಾಲಲ್ಲಿ ಓಡಾಡಿ, ಕಸ ಗುಡಿಸಿ, ಗುಡಿಸಿದ್ದನ್ನು ಕೈಯಲ್ಲಿ ಕೆದಕಿದರು. ಸೂಪರ್‌ವೈಸರ್‌ಗೆ ತಾಳ್ಮೆ ಹೋಗಿತ್ತು. "ಗೊರಸ್ನೊಳಗೇ ಓಗಿರ್ತದೆ ಕಣ್ರೀ, ಇಡೀ ಬಂಡಲ್ ಬಿಸಾಕಿ" ಅಂದ.

"ಬಿಸಾಕಕ್ಕೆ ನಿಮ್ಮಪ್ಪನ್ ಮನೇಲಿ ಒಲ್ದಿದ್ದಾ?" ಎಂದು ಅಕ್ಕ ಬಗ್ಗಿಕೊಂಡೇ ಕೇಳಿದರು.

ನನ್ನ ಕೈಗೆ ಸೂಜಿ ಹುಡುಕುವ ಯಂತ್ರ ಕೊಟ್ಟರು. ಕಬ್ಬಿಣದ ಮೇಲೆ ಬಂದರೆ ಕುಯ್ ಅನ್ನುತ್ತದೆ. ಹಿತ್ತಾಳೆಗೆ, ಬೆಳ್ಳಿಗೆ ಅನ್ನುವುದಿಲ್ಲ. ತಬಿಯ ಕೊಂಡಿ ಹಿತ್ತಾಳೆಯದಾದ್ದರಿಂದ ಅದಕ್ಕೂ ಕೂಗುವುದಿಲ್ಲ. ನಾನು ಬಂಡಲಿನ ಪೀಸುಗಳ ಮೇಲೆ ಒಂದೊಂದಾಗಿ ಆಡಿಸಿದೆ. ಸದ್ದಿಲ್ಲ. ಆಮೇಲೆ ನೆಲದ ಮೇಲೆ ಸಾಲು ಸಾಲಾಗಿ ಆಡಿಸುತ್ತಾ ಅಕ್ಕ ನಿಂತಲ್ಲಿಗೆ ಬಂದೆ. ಅವರ ಬಲಗಾಲಿನ ಪಕ್ಕ ಅದು ಕೂಗಿತು.

"ಉಂಗ್ರಕ್ಕೆ ಕೂಗ್ತದೆ ಬುಡು" ಅಂದರು ಯಾರೋ.

ಕಾಲುಂಗುರ ಬೆಳ್ಳಿಯದು. ನಾನು ಮತ್ತೊಮ್ಮೆ ಆಡಿಸಿದೆ. ಮತ್ತೆ ಕೂಗಿತು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆಮೇಲೆ ಮೆಷಿನ್ ಹಿಡಿದುಕೊಂಡು ಕಾಲು ಎತ್ತಿ ತಿರುಗಿಸಿದರು. ಹೆಬ್ಬೆರಳಿನ ಬುಡದಲ್ಲಿ, ತಳದ ದಪ್ಪ ಚರ್ಮದೊಳಗೆ, ಸಾಸಿವೆಯಷ್ಟು ಹೊಳಪು. ಸುತ್ತ ಒಂದು ಹನಿ ರಕ್ತ. ಎಷ್ಟು ಹೊತ್ತಿನಿಂದ ಅದರ ಮೇಲೆ ನಡೆದಾಡುತ್ತಿದ್ದರೋ.

"ತಗಿ ಅದ್ನ. ಅಂಟ್ಸು. ಲೈನ್ ನಡೀಲಿ" ಅಂದರು.

ನಾನು ಚಿಮಟದಲ್ಲಿ ಎಳೆದೆ. ಅವರ ಕಾಲು ಅಲುಗಲಿಲ್ಲ. ಮೂರು ಚೂರು ಜೋಡಿಸಿದಾಗ ಪೂರ್ತಿ ಸೂಜಿ ಆಯಿತು. ಲೈನ್ ಶುರುವಾಯಿತು. ಆದರೆ ಮ್ಯಾನೇಜರ್ ಅಲ್ಲೇ ನಿಂತಿದ್ದರು.

"ನೋವಾಗಲಿಲ್ವಾ ಅಕ್ಕ?"

ಅಕ್ಕ ಕಾಲನ್ನು ಮತ್ತೆ ಪೆಡಲ್ ಕಡೆ ಚಾಚಿದರು.

ನರ್ಸ್ ಕೋಣೆಗೆ ನಾನೇ ಕರೆದುಕೊಂಡು ಹೋದೆ. ನರ್ಸ್ ಗಾಯ ಒರೆಸಿ, ಪಟ್ಟಿ ಹಾಕಿ, ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಪಾದದ ಅಲ್ಲಲ್ಲಿ ಒತ್ತಿ, ಮುಟ್ಟಿದಾಗ ಹೇಳಿ ಎಂದರು. ಅಕ್ಕ ಪ್ರತಿ ಸಲ ಸರಿಯಾಗಿ "ಊಂ" ಅಂದರು. ನರ್ಸ್ ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಆ ಕಡೆ ನೋಡಿ" ಅಂದರು. ಆಗ ತಿಳಿಯಿತು, ಅಕ್ಕ ನನ್ನ ಕಣ್ಣು ನೋಡಿ ಹೇಳುತ್ತಿದ್ದರು. ನಾನು ಗೋಡೆ ನೋಡಿದೆ. ನರ್ಸ್ ಅವರಿಗೂ ಕಣ್ಣು ಮುಚ್ಚಲು ಹೇಳಿದರು. ಆಮೇಲೆ ಕೋಣೆಯಲ್ಲಿ ಒಂದು "ಊಂ" ಕೂಡ ಕೇಳಲಿಲ್ಲ.

"ಸಕ್ರೆ ಕಾಯ್ಲೆ ಎಷ್ಟು ವರ್ಷದಿಂದ?"

"ಅರಕೆ ಅಂತ ಏಳ್ಕಂಡಿದ್ದೆ" ಅಂದರು ಅಕ್ಕ, ನನ್ನ ಕಡೆ ನೋಡದೆ.

ಮ್ಯಾನೇಜರ್ ಕೆಟ್ಟವರಲ್ಲ. ಅವರ ಮಾತಿನಲ್ಲಿ ತಪ್ಪೂ ಇರಲಿಲ್ಲ. ಮರಗಟ್ಟಿದ ಕಾಲಿಗೆ ಇನ್ನೊಂದು ಸೂಜಿ ಹೊಕ್ಕರೆ ಕಾಲೇ ಹೋಗುತ್ತದೆ. ಶೂ ಹಾಕಿದರೆ ಮೆಷಿನ್, ಇಲ್ಲವಾದರೆ ಪ್ಯಾಕಿಂಗ್. ಶುಕ್ರವಾರ ಶೂ ತರಿಸಿಯೂ ಕೊಟ್ಟರು. ಅಕ್ಕ ಅದನ್ನು ಪೆಟ್ಟಿಗೆಯಿಂದ ತೆಗೆಯದೆ ಪ್ಯಾಕಿಂಗ್ ಮೇಜಿಗೆ ಹೋಗಿ ಕೂತರು. ಪೀಸುಗಳನ್ನು ಕವರಿಗೆ ಹಾಕಿ ಸ್ಟಿಕ್ಕರ್ ಅಂಟಿಸುವುದು. ಸಂಜೆ ಬಸ್ಸಿಗೆ ಕಾಯುವಾಗ ಹತ್ತಿರ ಹೋದೆ.

"ಸಂಬ್ಳ ಮುಂಚಿನಷ್ಟೇ ಕೊಡ್ತಾರಂತೆ" ಅಂದರು. ಆಮೇಲೆ, "ಅದ್ನಾರ್ ವರ್ಸುಕ್ಕೆ ಮಿಷನ್ ಮ್ಯಾಲೆ ಕಾಲ್ ಮಡ್ಗಿದ್ದು. ಕೈಗೆ ಬ್ಯಾರೆ ಏನೂ ಬರಾಕಿಲ್ಲ ಕಣ್ಮಗ. ಅಡ್ಗೆನೂ ನೆಟ್ಗೆ ಬರಾಕಿಲ್ಲ, ನಮ್ಮ್ ಯಜಮಾನ್ರ ಕೇಳು" ಅಂದರು.

ಅವರಿಲ್ಲದ ಆ ಎರಡು ದಿನ ಸೀಳಿನ ಹೊಲಿಗೆಯಲ್ಲಿ ನಾನು ತೆಗೆದಿಟ್ಟ ಪೀಸುಗಳ ಗುಡ್ಡೆ ಮತ್ತೆ ಬೆಳೆಯಿತು.

ಸೋಮವಾರ ಬೆಳಿಗ್ಗೆ ಅಕ್ಕ ಚೀಲದಿಂದ ಒಂದು ಜೊತೆ ತೆಗೆದು ಮ್ಯಾನೇಜರ್ ಮೇಜಿನ ಮೇಲಿಟ್ಟರು. ಕಡುನೀಲಿ ತಬಿ. ನಾನು ತಿರಸ್ಕರಿಸಿದ್ದ ಪೀಸುಗಳ ಬಟ್ಟೆಯನ್ನೇ ಸೂಪರ್‌ವೈಸರ್‌ನ ಕೇಳಿ ಪಡೆದು, ಭಾನುವಾರ ಮನೆಯ ತುಳಿಯುವ ಮೆಷಿನ್ನಿನಲ್ಲಿ ಹೊಲಿದಿದ್ದರು. ತಳ ಬೆರಳಿನಷ್ಟು ದಪ್ಪ, ಕೌದಿಯ ಹಾಗೆ ಪದರ ಪದರವಾಗಿ ಒತ್ತೊತ್ತಾಗಿ ಹೊಲಿದದ್ದು.

"ಇದು ಮೆಟ್ಟಲ್ಲ ಸಾರ್, ಬಟ್ಟೆ. ಇಲ್ಲೇ ಮಡಗ್ತೀನಿ, ವರಕ್ಕೆ ಆಕ್ಕಂಡ್ ಓಗಾಕಿಲ್ಲ. ಮಿಷನ್‌ಗೂ ತಪ್ಪಿಲ್ಲ, ನಿಮ್ಗೂ ತಪ್ಪಿಲ್ಲ."

ಮ್ಯಾನೇಜರ್ ಇಕ್ಕಳದಲ್ಲಿ ಒಂದು ಸೂಜಿ ಹಿಡಿದು ತಳಕ್ಕೆ ಒತ್ತಿದರು. ಬಟ್ಟೆ ದಾಟಿ, ನಡುವೆ ಎಲ್ಲೋ ನಿಂತಿತು. ಪ್ಯಾಟರ್ನ್ ಕತ್ತರಿಸುವ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಪಾದದ ಆಕಾರಕ್ಕೆ ಕತ್ತರಿಸಿ ಅಕ್ಕ ಪದರಗಳ ಮಧ್ಯೆ ಇಟ್ಟಿದ್ದರು. ಮ್ಯಾನೇಜರ್ ಇನ್ನೂ ಜೋರಾಗಿ ಒತ್ತಿದರು. ಸೂಜಿ ಬಾಗಿತು.

"ಆ ಸೂಜೀನ ಬರ್ಸ್ಕಂಡ್ಬುಡಿ ಸಾರ್. ಆಮ್ಯಾಕೆ ಲೆಕ್ಕುಕ್ಕೆ ಬರಾಕಿಲ್ಲ."

ಮ್ಯಾನೇಜರ್ ನಗಲಿಲ್ಲ. ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಕಾಲಿಗೆ ಏನೂ ತಿಳಿಯದಿದ್ದರೆ ಎಷ್ಟು ಒತ್ತುತ್ತಿದ್ದೀರಿ ಎಂದು ಹೇಗೆ ಗೊತ್ತಾಗುತ್ತದೆ? ಬೆರಳಿನ ಮೇಲೆ ಸೂಜಿ ಇಳಿದರೆ?

"ಕಿವಿಗೆ ಗೊತ್ತಾಗ್ತದೆ ಸಾರ್. ಎಲ್ಡ್ ವರ್ಸಾಯ್ತು, ಕಿವೀಲೇ ಒಲೀತಾ ಇವ್ನಿ."

ಮೆಷಿನ್ ಓಡುವಾಗ ಯಾರನ್ನೂ ಮಾತಾಡಲು ಬಿಡದಿದ್ದದ್ದು ಅದಕ್ಕೆ.

ಹೊಲಿದು ತೋರಿಸಿ ಅಂದರು ಮ್ಯಾನೇಜರ್. ಅಕ್ಕ ಕೂತು ತಬಿ ಹಾಕಿಕೊಂಡು ಕೊಂಡಿ ಸಿಕ್ಕಿಸಿದರು. ಪೆಡಲನ್ನು ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಲಗಾಲನ್ನು ಪೆಡಲಿನ ನಡುವೆ ಇಡಲಿಲ್ಲ, ಅಂಚಿಗೆ ತಂದರು. ಪೆಡಲಿನ ತಗಡಿನ ಅಂಚು ಬೆರಳ ಸೀಳಿನೊಳಗೆ, ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಿ, ಕೂತಿತು. ಇನ್ನು ಕಾಲು ಜಾರುವಂತಿರಲಿಲ್ಲ. ಅದು ಎಲ್ಲಿದೆ ಎಂದು ಬಗ್ಗಿ ನೋಡುವ ಅಗತ್ಯವೂ ಇರಲಿಲ್ಲ. ಆ ಸೀಳನ್ನು ಕಂಡುಹಿಡಿದವರು ಈ ಉಪಯೋಗವನ್ನು ಯೋಚಿಸಿರಲಾರರು. ಅಕ್ಕ ಕತ್ತನ್ನು ಸ್ವಲ್ಪ ಓರೆ ಮಾಡಿ, ಕಿವಿಯನ್ನು ಮೋಟಾರಿನ ಕಡೆ ತಂದು, ತಿರುವನ್ನು ಹೊಲಿದರು. ಇಳಿಯುವಾಗ ನಿಧಾನ, ತಳದಲ್ಲಿ ಒಂದೊಂದೇ ಕುಟ್ಟು, ಏರುವಾಗ ಮತ್ತೆ ವೇಗ. ಮ್ಯಾನೇಜರ್ ಆ ಪೀಸನ್ನು ತಾವು ನೋಡದೆ ನನ್ನ ಕೈಗೆ ಕೊಟ್ಟರು.

ನಾನು ಎಲ್ಲರ ಪೀಸನ್ನು ನೋಡುವ ಹಾಗೇ ನೋಡಿದೆ. ಒಳಗೆ, ಹೊರಗೆ, ಬೆಳಕಿಗೆ. "ತಪ್ಪಿಲ್ಲ ಸಾರ್" ಅಂದೆ.

"ಮೆಷಿನ್ನಿಗೆ ಹೋಗಿ" ಅಂದರು ಮ್ಯಾನೇಜರ್.

ಆ ಜೊತೆ ಅವರ ಮೆಷಿನ್ನಿನ ಡ್ರಾಯರಿನಲ್ಲಿ ಇರುತ್ತಿತ್ತು. ಶನಿವಾರ ಸಂಜೆ ಮನೆಗೆ ಒಯ್ದು ತೊಳೆದು ಸೋಮವಾರ ತರುತ್ತಿದ್ದರು. ಆರ್ಡರ್ ಹೊತ್ತಿಗೆ ಸರಿಯಾಗಿ ಹೋಯಿತು.

ಜುಲೈ ಕೊನೆಗೆ ಚುಂಚನಕಟ್ಟೆ ನಾಲೆಯಲ್ಲಿ ನೀರು ಬಿಟ್ಟರು. ಅವರ ಮನೆಯದು ನಾಲೆ ನೀರಿನ ಗದ್ದೆ. ಪ್ರತಿ ವರ್ಷದಂತೆ ನಾಟಿಗೆ ರಜೆ ಹಾಕಿದರು. ಹೋಗುವ ಮುನ್ನ ನಾನು ಹೇಳಿದೆ, ಗದ್ದೆಗೂ ಒಂದು ಜೊತೆ ಹೊಲಿದುಕೊಳ್ಳಿ, ರಬ್ಬರ್ ತಳ ಅಂಟಿಸಿಕೊಳ್ಳಿ, ಜಪಾನಿನವರು ಅದನ್ನು ಹಾಕಿಕೊಂಡೇ ಮಣ್ಣಿಗೆ ಇಳಿಯುತ್ತಾರಂತಲ್ಲ.

"ನಾಟಿಗೆ ಕಾಲ್ ಮುಚ್ಕಂಡ್ ಇಳಿಯಾದಾ?" ಎಂದು ನಕ್ಕರು. "ನಮ್ಮತ್ತೆ ಮಣ್ಣಿಂದ ಎದ್ದು ಬಂದು ಪೈರ್ ಕಿತ್ತಾಕ್ತಾಳೆ ಅಷ್ಟೇಯ."

ಮೆಷಿನ್ನಿನ ವಿಷಯದಲ್ಲಿ ಕಂಡುಕೊಂಡ ದಾರಿಯನ್ನು ಗದ್ದೆಯ ವಿಷಯದಲ್ಲಿ ಅವರು ಹುಡುಕಲಿಲ್ಲ. ಯಾಕೆ ಎಂದು ಈಗಲೂ ನನಗೆ ಪೂರ್ತಿ ತಿಳಿಯುವುದಿಲ್ಲ. ಮೆಷಿನ್ ಅವರು ದುಡಿದು ಕಲಿತದ್ದು, ಅದರ ನಿಯಮವನ್ನು ತಾವೇ ತಿದ್ದಬಹುದಿತ್ತು. ಗದ್ದೆ ಅವರಿಗಿಂತ ಹಿಂದಿನದು. ನನಗೆ ತೋರುವುದು ಇಷ್ಟೇ.

ಕೆಸರಿನಲ್ಲಿ ಬಸವನಹುಳುವಿನ ಒಡೆದ ಚಿಪ್ಪು ಇತ್ತು ಎಂದು ಆಮೇಲೆ ಅವರ ಯಜಮಾನರು ಹೇಳಿದರು. ಬಲಗಾಲಿನ ಹೆಬ್ಬೆರಳು ಕೊಯ್ದದ್ದು ಯಾರಿಗೂ ಗೊತ್ತಾಗಿಲ್ಲ. ವಾಸನೆ ಬಂದ ಮೇಲೆ ನೋಡಿದ್ದಾರೆ. ಸೆಪ್ಟೆಂಬರ್ ಮೊದಲ ವಾರ ಮೈಸೂರಿನ ಆಸ್ಪತ್ರೆಯಲ್ಲಿ ಆ ಬೆರಳು ತೆಗೆದರು. ಪಾದ ಉಳಿಯಿತು. ಕಂಪನಿಯ ಕೆಲಸ ಅಲ್ಲಿಗೆ ಮುಗಿಯಿತು.

ಅಕ್ಟೋಬರಿನಲ್ಲಿ ಒಂದು ಭಾನುವಾರ ಅವರ ಊರಿಗೆ ಹೋದೆ. ಬಾಗಿಲ ಹತ್ತಿರದ ಕಿಟಕಿಯಡಿ ತುಳಿಯುವ ಮೆಷಿನ್, ಅದರ ಮುಂದೆ ಅಕ್ಕ. ಊರಿನವರ ರವಿಕೆಗಳು ಪಕ್ಕದಲ್ಲಿ ಮಡಿಸಿದ್ದವು, ಹೊಲಿದವಲ್ಲ, ಹೊಲಿಯಬೇಕಾದವು. ಹಳೆಯ ತಬಿ ಕಾಲಿಗೆ ನಿಲ್ಲುತ್ತಿರಲಿಲ್ಲ. ಹೆಬ್ಬೆರಳ ಮನೆ ಖಾಲಿ, ಅದು ಮಡಚಿಕೊಂಡು ತುಳಿಯುವ ಹಲಗೆಯ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಹೊಸದನ್ನು ಹೊಲಿಯಲು ಮೆಷಿನ್ ತುಳಿಯಬೇಕು. ತುಳಿಯಲು ತಬಿ ಬೇಕು.

"ನೀನ್ ಒಲಿ" ಅಂದರು.

ನಾನು ಚೆಕ್ಕರ್. ತಪ್ಪು ಹುಡುಕುವುದು ಗೊತ್ತು, ಹೊಲಿಯುವುದು ಅಲ್ಪಸ್ವಲ್ಪ. ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿದರು, ನಾನು ಅವರ ಮೆಷಿನ್ನಿನಲ್ಲಿ ಹೊಲಿದೆ. ಹೆಬ್ಬೆರಳ ಮನೆಗೆ ಹತ್ತಿ ಬೇಡ, ಒದ್ದೆಯಾಗುತ್ತದೆ, ಚಿಂದಿ ಬಿಗಿಯಾಗಿ ಸುತ್ತಿ ಹೊಲಿದು ಬೆರಳಿನ ಆಕಾರ ಮಾಡು ಅಂದರು. ಮಾಡಿದೆ. ಸೀಳಿನ ತಿರುವಿನಲ್ಲಿ ಬಟ್ಟೆ ಸುಕ್ಕಾಯಿತು. ಅವರ ಮುಖ ನೋಡಿದೆ.

"ಬಿಚ್ಚಾನ ಬುಡು" ಅಂದರು.

ಮೂರನೆಯ ಸಲ ಸುಕ್ಕಿಲ್ಲದೆ ಬಂತು. ಚಿಂದಿಯ ಬೆರಳನ್ನು ಒಳಗಿಟ್ಟು ಅವರ ಕಾಲಿಗೆ ತೊಡಿಸುವ ಮೊದಲು ನಾನೇ ಹಾಕಿಕೊಂಡು, ಒಳಗೆ ಎಲ್ಲೂ ಒತ್ತುವುದಿಲ್ಲ ಎಂದು ನಡೆದು ನೋಡಿದೆ. ಅಕ್ಕ ಮೆಷಿನ್ನಿನ ಮುಂದೆ ಕೂತು ಹಲಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಕಾಲಿಟ್ಟರು. ಚಿಂದಿಯ ಬೆರಳು ಹಲಗೆಯ ಅಂಚನ್ನು ಹಿಡಿಯಿತು. ಚಕ್ರ ತಿರುಗಿತು. ಒಂದು ರವಿಕೆಯ ತೋಳು ಪೂರ್ತಿ ಹೊಲಿದು, ದಾರ ಕಚ್ಚಿ ತುಂಡು ಮಾಡಿ, ನನ್ನ ಕಡೆ ಎಸೆದರು. "ನೋಡ್ಕೋ. ಚೆಕ್ಕರ್ ಅಲ್ವಾ ನೀನು" ಅಂದರು.

ಅಲ್ಲಿಂದ ನಾಲ್ಕು ತಿಂಗಳು ಊರಿನವರಿಗೆ ರವಿಕೆ ಹೊಲಿದರು. ಫೆಬ್ರವರಿಯಲ್ಲಿ ಒಂದು ಬೆಳಗಿನ ಜಾವ ಎದೆನೋವು ಬಂದು, ಕೆ.ಆರ್. ನಗರದ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಅವರ ಪದ್ಧತಿಯಂತೆ ಗದ್ದೆಯ ಅಂಚಿನಲ್ಲಿ ಕೂರಿಸಿ ಮಣ್ಣು ಮಾಡಿದರು. ನಮ್ಮ ಲೈನಿನಿಂದ ಒಂದು ಬಸ್ಸಿನ ಜನ ಹೋಗಿದ್ದೆವು.

ಈಗ ಸ್ಯಾಂಪಲ್ ಮೆಷಿನ್ನಿನಲ್ಲಿ ನಾನು ಕೂರುತ್ತೇನೆ. ಅವರಷ್ಟು ಚೆನ್ನಾಗಿ ಬರುವುದಿಲ್ಲ, ಕಲಿಯುತ್ತಿದ್ದೇನೆ. ಮಾರ್ಚಿನಲ್ಲಿ, ಚಹಾದ ಹೊತ್ತಿನಲ್ಲಿ, ಎರಡನೇ ಲೈನಿನ ಹಳೆಯ ಆಪರೇಟರ್ ಒಬ್ಬರು ನನ್ನ ಹತ್ತಿರ ಬಂದು, ಸುತ್ತ ನೋಡಿ, "ಅಕ್ಕುಂಗೆ ಒಲ್ದಂಗೆ ನಂಗೂ ಒಂದ್ ಜೊತೆ ಒಲ್ಕೊಡ್ತೀಯಾ?" ಎಂದು ಕೇಳಿದರು. ಅವರೂ ಒಂದು ವರ್ಷದಿಂದ ಚಹಾಕ್ಕೆ ಸಕ್ಕರೆ ಬಿಟ್ಟಿದ್ದರು. ಆಮೇಲೆ ಇನ್ನೊಬ್ಬರು ಬಂದರು. ಪಿರಿಯಾಪಟ್ಟಣದಲ್ಲಿ ಸ್ವಂತ ಅಂಗಡಿ ಇಟ್ಟ ಟೈಲರ್ ಒಬ್ಬರು ಫೋನ್ ಮಾಡಿದರು, ಪಾದದ ಅಳತೆಯನ್ನು ಕಾಗದದ ಮೇಲೆ ಬರೆದು ಬಸ್ಸಿನಲ್ಲಿ ಕಳಿಸಿದರು. ಇವತ್ತಿಗೆ ಏಳು ಜೊತೆಯಾಗಿದೆ. ಪ್ರತಿಯೊಂದನ್ನೂ ಮೊದಲು ನಾನು ಹಾಕಿಕೊಂಡು ನಡೆಯುತ್ತೇನೆ, ಏಕೆಂದರೆ ಒತ್ತಿದರೆ ಅವರಿಗೆ ಗೊತ್ತಾಗುವುದಿಲ್ಲ.

ಒಂದು ತೊಂದರೆ ಮಾತ್ರ ಉಳಿದಿದೆ. ತಳದ ಪ್ಲಾಸ್ಟಿಕ್ ಹಾಳೆ ಮೂರು ತಿಂಗಳಿಗೆ ಮಡಿಕೆಯಲ್ಲಿ ಸೀಳುತ್ತದೆ. ಸೀಳಿದ ಜಾಗದಲ್ಲಿ ಸೂಜಿ ದಾಟುತ್ತದೆ, ನಾನು ಒತ್ತಿ ನೋಡಿದ್ದೇನೆ. ತಗಡು ಹಾಕಿದರೆ ಪಾದ ಬಗ್ಗುವುದಿಲ್ಲ, ಸೂಜಿ ಹುಡುಕುವ ಯಂತ್ರವೂ ಕೂಗುತ್ತದೆ. ಹಳೆಯ ಟೈರಿನ ಒಳಪಟ್ಟಿ ಹಾಕಿ ನೋಡಿದೆ, ತೊಳೆದ ಮೇಲೆ ಮುದುರಿಕೊಂಡಿತು. ಸೂಜಿ ತಡೆಯುವ, ಪಾದದ ಜೊತೆ ಬಗ್ಗುವ, ವಾರಕ್ಕೊಮ್ಮೆ ತೊಳೆದರೂ ಸೊಟ್ಟಗಾಗದ ಹಾಳೆ ಯಾವುದು, ಅದು ನಮ್ಮ ಕಡೆ ಎಲ್ಲಿ ಸಿಗುತ್ತದೆ ಎಂದು ತಿಳಿದವರು, ಅಥವಾ ಕಾಲು ಮರಗಟ್ಟಿಯೂ ಪೆಡಲ್ ತುಳಿಯುತ್ತಿರುವವರು ಬೇರೆ ಉಪಾಯ ಕಂಡುಕೊಂಡಿದ್ದರೆ ಅವರು, ದಯವಿಟ್ಟು ಬರೆಯಿರಿ. ಎಂಟನೆಯ ಜೊತೆಯನ್ನು ಕತ್ತರಿಸಿ ಇಟ್ಟಿದ್ದೇನೆ, ತಳ ಇನ್ನೂ ಹೊಲಿದಿಲ್ಲ.